ಇಆರ್‌ಪಿನೆಕ್ಸ್ಟ್‌ನಲ್ಲಿ ವರ್ಕ್ ಆರ್ಡರ್: 400 ಬುಷ್‌ಗಳ ಲೆಕ್ಕ

ಇಆರ್‌ಪಿನೆಕ್ಸ್ಟ್ ಎಂಬ ವ್ಯವಹಾರ ನಿರ್ವಹಣೆಯ ಸಾಫ್ಟ್‌ವೇರ್‌ನಲ್ಲಿ ವರ್ಕ್ ಆರ್ಡರ್ (ಉತ್ಪಾದನೆಯ ಆದೇಶ) ತೆರೆಯುವ ಮೊದಲು ಬಿಓಎಂ (ಒಂದು ವಸ್ತು ಮಾಡಲು ಬೇಕಾದ ಸಾಮಗ್ರಿಗಳ ಪಟ್ಟಿ) ಸರಿಯಿರಲಿ. ಹೆಚ್ಚಿನವರು ಎಡವುವುದು ಇಲ್ಲೇ. 45 ಮಿ.ಮೀ. ಉದ್ದದ ಬುಷ್‌ಗೆ (ಕೊಳವೆಯಂಥ ಬಿಡಿಭಾಗ) ರಾಡ್ 0.045 ಮೀಟರ್ ಎಂದು ಬರೆದರೆ, ರಾಡ್ ತುಂಡರಿಸುವ ಪಾರ್ಟಿಂಗ್ ಟೂಲ್ ತಿನ್ನುವ 3 ಮಿ.ಮೀ. ಬಿಟ್ಟುಹೋಗುತ್ತದೆ. 400ಕ್ಕೆ 18 ಮೀಟರ್ ಸಾಲದು, 19.2 ಬೇಕು. ಸ್ಟೋರ್‌ನಿಂದ 18 ಮಾತ್ರ ಬಂದರೆ ಕೊನೆಗೆ 25 ಬುಷ್ ಕಮ್ಮಿ (ರಾಡಿನ ತುದಿ ತುಂಡುಗಳ ಲೆಕ್ಕ ಬೇರೆ). ವರ್ಕ್ ಆರ್ಡರ್ ಸಬ್ಮಿಟ್ ಆದಮೇಲೆ ಹೊಸ ಬಿಓಎಂ ಮಾಡಿದರೂ ಹಳೆಯ ಆರ್ಡರ್ ಬದಲಾಗದು. ರದ್ದು ಮಾಡಿ ಹೊಸದು ತೆರೆಯಿರಿ.

ಲೇತ್‌ನಲ್ಲಿ ಒಂದಕ್ಕೆ 6 ನಿಮಿಷವಾದರೆ ಒಟ್ಟು 40 ಗಂಟೆ, ಅಂದರೆ 8 ಗಂಟೆಯ 5 ಪಾಳಿ. ವರ್ಕ್‌ಸ್ಟೇಷನ್‌ನಲ್ಲಿ (ಸಾಫ್ಟ್‌ವೇರ್‌ನಲ್ಲಿ ಆ ಯಂತ್ರದ ದಾಖಲೆ) ಕೆಲಸದ ವೇಳೆ, ರಜಾಪಟ್ಟಿ ತುಂಬದಿದ್ದರೆ ಸಾಫ್ಟ್‌ವೇರ್ ಭಾನುವಾರ ರಾತ್ರಿಗೂ ಕೆಲಸ ಹಚ್ಚೀತು. ಮುಂದಿನ 30 ದಿನಗಳಲ್ಲಿ ಸಮಯ ಸಿಗಲಿಲ್ಲ ಎಂಬ ಸಂದೇಶ ಬಂದರೆ ಕೆಪಾಸಿಟಿ ಪ್ಲಾನಿಂಗ್ (ಯಂತ್ರಕ್ಕೆ ಬಿಡುವಿದೆಯೇ ಎಂದು ನೋಡಿ ಕೆಲಸ ಹಚ್ಚುವ ವ್ಯವಸ್ಥೆ) ಆಫ್ ಮಾಡಬೇಡಿ. ಆ ಲೇತ್ ಮೇಲಿರುವ ಹಳೆಯ, ಮುಚ್ಚದ ಜಾಬ್ ಕಾರ್ಡ್‌ಗಳನ್ನು (ಒಂದೊಂದು ಕೆಲಸದ ದಾಖಲೆ) ಮೊದಲು ನೋಡಿ.