ಅಂಬಾರಿಯ ಅಡಿಯ ಹುಲ್ಲು

ದಸರಾ ಆನೆಗಳಿಗೆ ನಮ್ದಾ, ಅಂದರೆ ಅಂಬಾರಿಯ ಅಡಿಗೆ ಬೆನ್ನಿನ ಮೇಲೆ ಹಾಸುವ ಮೆತ್ತೆ, ಕಟ್ಟುವವರ ಜೊತೆ ಸೇರಿದ ಮೊದಲ ದಿನ ನನ್ನ ಕೈಗೆ ಹಗ್ಗ ಸಿಗಲಿಲ್ಲ. ಹಿರಿಯ ಮಾವುತರು ಆನೆಯನ್ನು ಕೂರಿಸಿ, ‘ಮೊದಲು ಬೆನ್ನು ಮುಟ್ಟಿ ನೋಡು’ ಎಂದರು. ದೂರದಿಂದ ಜಗಲಿಯಂತೆ ಕಾಣುವ ಆ ಬೆನ್ನಿನ ನಡುವೆ ಮೂಳೆಯ ಸಾಲೊಂದು ಮಾಡಿನ ಏಣಿನಂತೆ ಎದ್ದು ನಿಂತಿರುತ್ತದೆ. ಭಾರ ಅದರ ಮೇಲೆ ಕೂತರೆ ಚರ್ಮ ಉಜ್ಜಿ ಹುಣ್ಣಾಗುತ್ತದೆ. ಭಾರ ಎರಡೂ ಬದಿಯ ಪಕ್ಕೆಲುಬುಗಳಿಗೆ ಹಂಚಿಹೋಗಬೇಕು. ನಮ್ದಾ, ಗಾದಿ ಇರುವುದು ಇದಕ್ಕೇ.

ಗಾದಿಯ ಗೋಣಿತಾಟಿನಲ್ಲಿ ಹುಲ್ಲು ತುಂಬುವ ಕೆಲಸ ನೋಡಲು ಸುಲಭ. ಒಂದೆಡೆ ಗಂಟುಗಟ್ಟಿದರೂ ಹೊಲಿಗೆ ಬಿಚ್ಚಿ ಮತ್ತೆ ತುಂಬಬೇಕು. ಎದೆ, ಹೊಟ್ಟೆ ಸುತ್ತಿ ಬಂದ ಹಗ್ಗ ಬಾಲದ ಬುಡದಲ್ಲೂ ಹಾಯುತ್ತದೆ. ಅಲ್ಲಿನ ಚರ್ಮ ತೆಳು, ಹಗ್ಗಕ್ಕೆ ಬಟ್ಟೆ ಸುತ್ತದೆ ಕಟ್ಟುವಂತಿಲ್ಲ. ಸ್ವಲ್ಪ ದೂರ ನಡೆಸಿದ ಮೇಲೆ ಹುಲ್ಲು ಕುಸಿದು ಹಗ್ಗ ಸಡಿಲವಾಗುತ್ತದೆ, ಮತ್ತೆ ಬಿಗಿಯಬೇಕು. ಒಮ್ಮೆ ನಾನು ಇದನ್ನು ಮರೆತೆ. ತಾಲೀಮಿನ ಮರಳುಮೂಟೆಗಳು ಎಡಕ್ಕೆ ವಾಲಿದವು. ನಮಗಿಂತ ಮೊದಲು ಆನೆಗೆ ಗೊತ್ತಾಯಿತು, ನಿಂತೇಬಿಟ್ಟಿತು. ಆ ದಿನ ಬೈಗುಳಕ್ಕೆ ಬರವಿರಲಿಲ್ಲ.

ಚಿನ್ನದ ಅಂಬಾರಿಯ ತೂಕ ಸುಮಾರು 750 ಕಿಲೋ. ಮರದ ಚೌಕಟ್ಟಿಗೆ ಚಿನ್ನದ ತಗಡು ಹೊದಿಸಿದ್ದು. ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್ ದಾರಿ. ಹಾಗಾಗಿ ವಾರಗಟ್ಟಲೆ ಮರಳುಮೂಟೆ, ಆಮೇಲೆ ಮರದ ಅಂಬಾರಿ ಹೊರಿಸಿ ಭಾರವನ್ನು ಹಂತಹಂತವಾಗಿ ಏರಿಸುತ್ತಾರೆ. ಅರಸರು ಕೂರುತ್ತಿದ್ದಲ್ಲಿ ಈಗ ಚಾಮುಂಡೇಶ್ವರಿಯ ವಿಗ್ರಹವಿದೆ.

ಅಂಬಾರಿಯಂತೆ ಆನೆಯ ಮೇಲೆ ಕೂರುವ ಪೀಠಕ್ಕೆ ಹೌದಾ ಎನ್ನುತ್ತಾರೆ. ಈ ಮಾತು ಅರಬ್ಬಿಯಿಂದ ಬಂದದ್ದು. ಅಲ್ಲಿ ಅದು ಒಂಟೆಯ ಮೇಲಿನ ಪೀಠ. ಬೇಟೆಯ ಹೌದಾಕ್ಕೆ ಮೇಲ್ಛಾವಣಿ ಇರುತ್ತಿರಲಿಲ್ಲ, ಬಂದೂಕು ಎತ್ತಲು ಅಡ್ಡವಾಗುತ್ತದಲ್ಲ. ಮುಂದೆ ಬೇಟೆಗಾರ, ಹಿಂದೆ ಸಹಾಯಕ. ಯುದ್ಧದಲ್ಲಂತೂ ದೊರೆ ಎಲ್ಲರಿಗೂ ಕಾಣುವುದೇ ಮುಖ್ಯ. 1658ರ ಸಮೂಗಢದ ಕಾಳಗದಲ್ಲಿ ಮೊಗಲ್ ರಾಜಕುಮಾರ ದಾರಾ ಶಿಕೊ ಆನೆಯಿಂದಿಳಿದು ಕುದುರೆ ಏರಿದ. ಬರಿದಾದ ಹೌದಾ ಕಂಡ ಸೈನಿಕರು ಅವನು ಸತ್ತನೆಂದು ದಿಕ್ಕಾಪಾಲಾದರು. ಪೀಠದ ಬಗ್ಗೆ ಇಷ್ಟೊಂದು ಕಥೆ ಕೇಳಿದ್ದೇನೆ, ಅದರ ಗಾದಿ ಹೊಲಿದವನ ಬಗ್ಗೆ ಒಂದೂ ಕೇಳಿಲ್ಲ.

ಭಾರ ಇಳಿಸಿದ ಮೇಲೆ ಈಗಲೂ ನಾನು ಮೊದಲು ಬೆನ್ನಿನ ಮೇಲೆ ಅಂಗೈ ಆಡಿಸುತ್ತೇನೆ. ಬಿಸಿಯಾದ ಜಾಗ ಮರುದಿನ ಊದುತ್ತದೆ. ಒಮ್ಮೆ ತಾಲೀಮು ಮುಗಿಸಿ ಬಂದಾಗ ಬಲಬದಿಯಲ್ಲಿ ಅಂಗೈಯಗಲದ ಜಾಗ ಬಿಸಿಯಾಗಿತ್ತು. ಗಾದಿ ಬಿಚ್ಚಿ ನೋಡಿದರೆ ಹುಲ್ಲಿನೊಳಗೆ ಬೆರಳುದ್ದದ ಒಂದು ಕಡ್ಡಿ.