ತಲೆಬುರುಡೆಯ ಬುಡದ ಲಿಗಮೆಂಟುಗಳನ್ನು ಬಿಡಿಸಿ ನೋಡಿದ ಅನುಭವ

ದಾವಣಗೆರೆಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಅಂಗರಚನಾಶಾಸ್ತ್ರ ಕಲಿಸುವ ನಾನು, ತಲೆಬುರುಡೆಯನ್ನು ಕತ್ತಿಗೆ ಬಿಗಿದಿರುವ ಲಿಗಮೆಂಟುಗಳನ್ನು, ಅಂದರೆ ಮೂಳೆಗೆ ಮೂಳೆಯನ್ನು ಕಟ್ಟುವ ಗಟ್ಟಿ ನಾರಿನ ಪಟ್ಟಿಗಳನ್ನು, ಮೊದಲ ಸಲ ಬಿಡಿಸಿದಾಗ ಅವಸರಪಟ್ಟು ಕೆಲಸ ಕೆಡಿಸಿದ್ದೆ. ಹಿಂದಿನಿಂದ ಮೊದಲು ಕಾಣುವ ಟೆಕ್ಟೋರಿಯಲ್ ಪೊರೆಯನ್ನು ಆಳವಾಗಿ ಕೊಯ್ದಾಗ, ಅದರ ಮುಂದೆಯೇ ಇರುವ ಶಿಲುಬೆಯಾಕಾರದ ಲಿಗಮೆಂಟಿನ ಮೇಲಿನ ಪಟ್ಟಿಯೂ ತುಂಡಾಗಿತ್ತು. ದೇಹದಾನ ಮಾಡಿದವರ ಶರೀರದಲ್ಲಿ ಹಾಗೆ ಕಡಿದದ್ದು ಬಹಳ ಕಾಲ ನನ್ನನ್ನು ಕಾಡಿತು.

ಎರಡನೆಯ ಸಲ ಕತ್ತಿನ ಮೊದಲೆರಡು ಮೂಳೆಗಳಾದ ಅಟ್ಲಾಸ್ ಮತ್ತು ಆಕ್ಸಿಸ್ ಕಶೇರುಗಳ ಹಿಂಭಾಗವನ್ನೂ ಬುರುಡೆಯ ಹಿಂಬದಿಯ ಒಂದು ತುಂಡನ್ನೂ ತೆಗೆದು, ಮಿದುಳುಬಳ್ಳಿಯನ್ನು ಎತ್ತಿ, ಅದರ ಹೊರಪೊರೆಯನ್ನು ಸುಲಿದ ಮೇಲೆ, ಟೆಕ್ಟೋರಿಯಲ್ ಪೊರೆಯನ್ನು ಆಕ್ಸಿಸ್‌ನ ಮಟ್ಟದಲ್ಲಿ ಅಡ್ಡಲಾಗಿ ತೆಳ್ಳಗೆ ಕೊಯ್ದು, ಚಾಕುವಿನ ಮೊಂಡು ಹಿಡಿಯಿಂದ ಮೇಲಕ್ಕೆ ಬಿಡಿಸಿದೆ. ಆಗ ಶಿಲುಬೆಯ ಅಡ್ಡಪಟ್ಟಿಯಾಗಿ ಅಟ್ಲಾಸ್‌ನ ಎರಡು ಪಕ್ಕಗಳ ನಡುವೆ ಬಿಗಿದ ಅಡ್ಡ ಲಿಗಮೆಂಟು ಇಡಿಯಾಗಿ ಕಾಣಿಸಿತು.

ಬೀಸುಕಲ್ಲು ಕಂಡವರಿಗೆ ಈ ಎರಡು ಕಶೇರುಗಳ ನಡುವಿನ ಸಂಧಿಯನ್ನು ವಿವರಿಸುವುದು ಸುಲಭ. ಆಕ್ಸಿಸ್‌ನಿಂದ ಮೇಲೆದ್ದ ಡೆನ್ಸ್ ಎಂಬ ಮೂಳೆಯೇ ಗೂಟ, ಅದರ ಸುತ್ತ ತಿರುಗುವ ಮೇಲುಗಲ್ಲು ಅಟ್ಲಾಸ್. ಆದರೆ ಇಲ್ಲಿ ಗೂಟದ ಮುಂದೆ ಮಾತ್ರ ಮೂಳೆಯ ಕಮಾನಿದ್ದು, ಹಿಂದಿನಿಂದ ಅದನ್ನು ಹಿಡಿದಿರುವುದು ಈ ಅಡ್ಡ ಲಿಗಮೆಂಟು. ಕತ್ತು ತಿರುಗುವುದರಲ್ಲಿ ಸುಮಾರು ಅರ್ಧ ಭಾಗ ಈ ಒಂದೇ ಮಟ್ಟದಲ್ಲಿ ನಡೆಯುತ್ತದೆ.

ಶಿಲುಬೆಯ ಮೇಲಿನ ಪಟ್ಟಿಯನ್ನು ಎತ್ತಿದಾಗ ಡೆನ್ಸ್‌ನ ತುದಿಯಿಂದ ಹೊರಟ ಎಪಿಕಲ್ ಲಿಗಮೆಂಟು ನೂಲಿನಷ್ಟು ತೆಳ್ಳಗಿತ್ತು. ನನ್ನ ಮಟ್ಟಿಗೆ ಅದು ಬಲಕ್ಕೆ ಲೆಕ್ಕವಿಲ್ಲ. ಅದರ ಎರಡು ಪಕ್ಕದಲ್ಲಿ ಬುರುಡೆಯ ಕಾಂಡೈಲುಗಳ (ಅಟ್ಲಾಸ್‌ನ ಮೇಲೆ ಕೂರುವ ಮೂಳೆಯ ಉಬ್ಬುಗಳ) ಒಳಬದಿಗೆ ಓರೆಯಾಗಿ ಏರುವ ಆಲಾರ್ ಲಿಗಮೆಂಟುಗಳು ಮಾತ್ರ ದಪ್ಪ ಹುರಿಯಂತಿದ್ದವು. ಶರೀರ ಕೆಡದಂತೆ ಬಳಸುವ ಫಾರ್ಮಲಿನ್‌ನಿಂದ ಕತ್ತು ಸೆಟೆದಿದ್ದರಿಂದ ಸುತ್ತಲಿನ ಸ್ನಾಯುಗಳನ್ನು ಕತ್ತರಿಸಿ, ತಲೆಯನ್ನು ಮೆಲ್ಲಗೆ ಬಲಕ್ಕೆ ತಿರುಗಿಸಿದೆ. ಬೆರಳಿನಡಿಯಲ್ಲಿ ಎಡಗಡೆಯ ಹುರಿ ಬಿಗಿಯಿತು. ತಲೆ ಎಲ್ಲಿ ನಿಲ್ಲಬೇಕೆಂಬುದನ್ನು ಇವು ನಿರ್ಧರಿಸುತ್ತವೆ ಎಂದು ವರ್ಷಗಟ್ಟಲೆ ಪಾಠ ಹೇಳಿದ್ದ ನನಗೆ ಅದು ಕೈಗೆ ತಿಳಿದದ್ದು ಅಂದೇ. ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು ಅಲ್ಲಿ ಬೆರಳಿಡಿಸಿದೆ.

ಕೊನೆಗೆ ಅಡ್ಡ ಲಿಗಮೆಂಟನ್ನು ಕತ್ತರಿಸಿ ಅಟ್ಲಾಸನ್ನು ಮುಂದಕ್ಕೆ ಒತ್ತಿದಾಗ, ಕಮಾನು ಮತ್ತು ಗೂಟದ ನಡುವೆ ಸಂದು ಬಿಟ್ಟಿತು. ವಯಸ್ಕರ ಎಕ್ಸ್‌ರೇಯಲ್ಲಿ ಈ ಸಂದು 3 ಮಿಲಿಮೀಟರಿಗಿಂತ ಹೆಚ್ಚಾದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ರುಮಟಾಯ್ಡ್ ಸಂಧಿವಾತದಲ್ಲಿ ಈ ಲಿಗಮೆಂಟು ಸಡಿಲವಾಗಬಹುದಾದ್ದರಿಂದ, ಅರಿವಳಿಕೆ ಕೊಡುವವರು ಅಂಥ ರೋಗಿಯ ಕತ್ತನ್ನು ಹಿಂದಕ್ಕೆ ಬಾಗಿಸುವ ಮುನ್ನ ಯೋಚಿಸುತ್ತಾರೆ. ಅಟ್ಲಾಸ್‌ನ ಬಳೆಯೊಳಗೆ ಸುಮಾರು ಮೂರನೆಯ ಒಂದು ಪಾಲು ಡೆನ್ಸ್‌ಗೆ, ಒಂದು ಪಾಲು ಮಿದುಳುಬಳ್ಳಿಗೆ, ಉಳಿದದ್ದು ಖಾಲಿ ಜಾಗ. ಅಂದು ಗೂಟ ಸರಿದದ್ದು ಆ ಖಾಲಿ ಜಾಗದ ಕಡೆಗೇ. ಆಲಾರ್ ಹುರಿಗಳು ಅದನ್ನು ಇನ್ನೂ ಹಿಡಿದಿದ್ದವು.