ಬೋರ್ ಕೇಬಲ್ ಫ್ಯಾಕ್ಟರಿಯಲ್ಲೇ ಮಾಡಿಸಿದೆ: ನಾಲ್ಕನೇ ಸಲಕ್ಕೆ ಲೆಕ್ಕ ಕೂಡಿಬಂತು

ಅರಸೀಕೆರೆ ಕಡೆ ಬೋರ್ ಮೋಟರ್ ಕೆಲಸ ಮಾಡುವವರಿಗೆ ಈ ತಲೆನೋವು ಗೊತ್ತೇ ಇರುತ್ತದೆ. 900 ಅಡಿ ಬೋರು ಅಂದರೆ ಹತ್ತಿರ ಹತ್ತಿರ 275 ಮೀಟರ್. ಮೋಟರಿಗೆ ಕರೆಂಟ್ ಒಯ್ಯುವ ಕೇಬಲ್ಲು ಅಂಗಡಿಯಲ್ಲಿ ಕೈಗೆ ಸಿಗುವುದು 100 ಮೀಟರ್ ಕಾಯಿಲ್. ಎರಡು ಜಾಯಿಂಟ್ ಬಂದೇ ಬರುತ್ತವೆ. ಒಂದು ಕೈಕೊಟ್ಟರೂ ಮೋಟರ್ ಎತ್ತಬೇಕು, 7-8 ಸಾವಿರ ಮಣ್ಣುಪಾಲು. ಬೆಂಗಳೂರಿನ ಪೀಣ್ಯದ ಫ್ಯಾಕ್ಟರಿಯಲ್ಲಿ ಅಳತೆಗೆ ತಕ್ಕಂತೆ ಮಾಡಿಸಿ ತರುತ್ತೇನೆ ಅಂದಾಗ ನಮ್ಮವರೇ ನಕ್ಕರು. ‘ಅಂಗಡಿಯವನಿಗಿಂತ ನಿನಗೆ ಕಮ್ಮಿಗೆ ಕೊಡ್ತಾರಾ, ಸುಮ್ನಿರಣ್ಣ’ ಅಂದರು.

ಮೊದಲ ಮೂರು ಸಲ ಅವರು ಹೇಳಿದ್ದೇ ನಿಜವಾಯಿತು.

ತೋಟದಲ್ಲಿ ಕೇಬಲ್ ಕಳ್ಳತನ ಜಾಸ್ತಿ ಅಲ್ವಾ? ಕದ್ದರೆ ಗುರುತು ಸಿಗಲಿ ಅಂತ ಮೊದಲ ಆರ್ಡರಿನಲ್ಲಿ ಕಿತ್ತಳೆ ಬಣ್ಣ ಕೇಳಿದೆ. ಮೀಟರಿಗೆ 11 ರೂಪಾಯಿ ಮೇಲೆ ಹಾಕಿದರು. ಬಣ್ಣ ಬದಲಿಸಬೇಕಾದರೆ ಮೆಷಿನ್ನಿನೊಳಗಿನ ಹಳೇ ಪಿವಿಸಿ, ಅಂದರೆ ತಂತಿಯ ಹೊದಿಕೆಯ ಪ್ಲಾಸ್ಟಿಕ್, ಪೂರ್ತಿ ಹೊರಗೆ ತಳ್ಳಬೇಕು. ಆ ವೇಸ್ಟು, ನಿಂತ ಮೆಷಿನ್ನಿನ ಹೊತ್ತು, ಎಲ್ಲಾ ನನ್ನ 500 ಮೀಟರಿನ ತಲೆ ಮೇಲೆ. ಅದೂ ಸಾಲದು ಅಂತ ಬೇಗ ಬೇಕು ಅಂದಿದ್ದೆ. ಈಗ ಕಪ್ಪು ಬಣ್ಣವೇ ಸಾಕು, ಮೇಲೆ ನಮ್ಮ ಹೆಸರು ಪ್ರಿಂಟ್ ಹಾಕಿಸುತ್ತೇನೆ. ಅದಕ್ಕೆ ಖರ್ಚು ಇಲ್ಲವೆನ್ನುವಷ್ಟು ಕಮ್ಮಿ.

ಎರಡನೇ ಸಲ ಅಗ್ಗದ ರೇಟಿಗೆ ಬಿದ್ದೆ. ಮೂರು ಕೋರ್, 6 ಸ್ಕ್ವೇರ್ ಎಂಎಂ ಅಂತ ಮೇಲೆ ಬರೆದಿತ್ತು, ಅಂದರೆ ಒಳಗೆ ಮೂರು ತಾಮ್ರದ ತಂತಿ, ಒಂದೊಂದರ ದಪ್ಪ 6 ಚದರ ಮಿಲಿಮೀಟರ್. ಕೈಗೆ ಯಾಕೋ ಹಗುರ ಅನ್ನಿಸಿತು. ಒಂದು ಮೀಟರ್ ಕತ್ತರಿಸಿ, ಒಂದು ಕೋರಿನ ಸಿಪ್ಪೆ ಸುಲಿದು, ಎಳೆಗಳನ್ನು ಸುರುಳಿ ಮಾಡಿ ಪೇಟೆಯ ಅಕ್ಕಸಾಲಿಗರ ತಕ್ಕಡಿಯ ಮೇಲಿಟ್ಟೆ. 6 ಸ್ಕ್ವೇರ್ ಆದರೆ 53 ಗ್ರಾಂ ತೂಗಬೇಕು. ತೂಗಿದ್ದು 44. ಅಂದರೆ 5 ಸ್ಕ್ವೇರಿಗೂ ಒಂದು ಕೂದಲು ಕಮ್ಮಿ! ಅಕ್ಕಸಾಲಿಗರು ‘ಚಿನ್ನದಲ್ಲಿ ಇಷ್ಟು ಹೊಡೆದರೆ ಊರು ಬಿಡಬೇಕಾಗುತ್ತೆ’ ಅಂದರು. ವಾಪಸ್ ಕಳಿಸಿದ ಲಾರಿ ಬಾಡಿಗೆ ನನ್ನದೇ.

ಮೂರನೆಯದು ದುರಾಸೆ. 2024ರ ಮಾರ್ಚ್ ಮೊದಲಲ್ಲಿ ತಾಮ್ರ ಕೆಜಿಗೆ 730ರ ಆಸುಪಾಸಿನಲ್ಲಿತ್ತು. ಇನ್ನೂ ಇಳಿಯಲಿ ಅಂತ ಕಾದೆ. ಮೇ ಮಧ್ಯಕ್ಕೆ 900 ದಾಟಿತು. ಮೂರು ಕೋರಿನ ಈ ಕೇಬಲ್ಲಿಗೆ ಮೀಟರಿಗೆ 160 ಗ್ರಾಂ ತಾಮ್ರ ಹೋಗುತ್ತದೆ. ಕೆಜಿಗೆ 100 ಏರಿದರೆ ಮೀಟರಿಗೆ 16 ರೂಪಾಯಿ ಏರಿದ ಹಾಗೆ. ತಾಮ್ರಕ್ಕೆ ಲಂಡನ್ನಿನ ಲೋಹದ ಮಾರುಕಟ್ಟೆಯ ರೇಟು, ಡಾಲರು ನಮ್ಮ ಕೈಯಲ್ಲಿಲ್ಲ. ಕೊಟೇಶನ್ ನಾಲ್ಕೈದು ದಿನಕ್ಕಿಂತ ಹೆಚ್ಚು ನಿಲ್ಲದಿರುವುದು ಅದಕ್ಕೇ.

ಆಗಸ್ಟಿನಲ್ಲಿ ತಾಮ್ರ 800ರ ಹತ್ತಿರ ಬಂದಾಗ ನಾಲ್ಕು ಜನ ಸೇರಿದೆವು. ಆರು ಬೋರು, ಒಟ್ಟು 1,800 ಮೀಟರ್, ಒಂದೇ ಸೈಜು, ಒಂದೇ ಬಣ್ಣ. ಪ್ರತಿ ಬೋರಿನ ಪೈಪು ನಾನೇ ಎಣಿಸಿ ಅಳತೆ ಕೊಟ್ಟೆ. ಮೀಟರಿಗೆ ‘ಎಷ್ಟು’ ಅಂತ ಕೇಳಲೇ ಇಲ್ಲ. ತಾಮ್ರ ಎಷ್ಟು ಗ್ರಾಂ, ಪಿವಿಸಿ ಎಷ್ಟು, ಕೂಲಿ ಎಷ್ಟು ಅಂತ ಬಿಡಿಸಿ ಕೇಳಿದೆ. ಆಮೇಲೆ ಮಾತಿನ ವರಸೆಯೇ ಬದಲಾಯಿತು. ಅಂಗಡಿಯಲ್ಲಿ 205 ಇದ್ದದ್ದು 168ಕ್ಕೆ ಕುದುರಿತು, ಎರಡಕ್ಕೂ ಜಿಎಸ್‌ಟಿ ಬೇರೆ. ಲಾರಿ ಬಾಡಿಗೆ ಕಳೆದು ಸುಮಾರು 60 ಸಾವಿರ ಉಳಿಯಿತು. ಫ್ಯಾಕ್ಟರಿಗೆ ಫೋನ್ ಮಾಡಲು ತಿಂಗಳಲ್ಲಿ ಒಂದು ಒಳ್ಳೆಯ ಸಮಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮುಂದಿನ ಆರ್ಡರ್ ಇನ್ನೂ ಹಾಕಬೇಕು.

ಮೋಟರ್ ಚಾಲೂ ಮಾಡುವ ಸ್ಟಾರ್ಟರ್ ಪೆಟ್ಟಿಗೆಯಿಂದ ಬೋರಿನ ಬಾಯಿಯವರೆಗಿನ 150 ಮೀಟರಿಗೆ ತಾಮ್ರ ಬಿಟ್ಟೇಬಿಟ್ಟೆ. 10 ಸ್ಕ್ವೇರ್ ಅಲ್ಯೂಮಿನಿಯಂ ಆರ್ಮರ್ಡ್ (ಉಕ್ಕಿನ ಕವಚದ) ಕೇಬಲ್ ಹೂಳಿಸಿದೆ. 6 ಸ್ಕ್ವೇರ್ ತಾಮ್ರಕ್ಕೂ ಅದಕ್ಕೂ ರೆಸಿಸ್ಟೆನ್ಸ್ ಒಂದೇ, ಕಿಲೋಮೀಟರಿಗೆ 3.08 ಓಮ್. ಜಾಯಿಂಟ್ ಸುಡುತ್ತದೆ ಅಂತ ಹುಡುಗರು ಹೆದರಿಸಿದರು. ತಾಮ್ರ, ಅಲ್ಯೂಮಿನಿಯಂ ಎರಡನ್ನೂ ಸೇರಿಸಿ ತಿರುಚಿ ಟೇಪ್ ಸುತ್ತಿದರೆ ಸುಡದೆ ಇರುತ್ತದೆಯೇ? ಎರಡು ಲೋಹವನ್ನೂ ಸೇರಿಸುವ ಬೈಮೆಟಲ್ ಲಗ್ ಹಾಕಿದೆ, ಒಂದೂ ಸುಟ್ಟಿಲ್ಲ.

ಉಳಿದ ಮೂರು ತುಂಡಿಗೆ ಮೂರು ಥರ ಜಾಯಿಂಟ್ ಹಾಕಿ, ಶೆಡ್ಡಿನ ಹಿಂದೆ ಉಪ್ಪುನೀರಿನ ಡ್ರಮ್ಮಿನಲ್ಲಿ ಮುಳುಗಿಸಿಟ್ಟಿದ್ದೆ. ಬರೀ ಟೇಪಿನದು ಎಂಟನೇ ದಿನಕ್ಕೆ ಇನ್ಸುಲೇಶನ್ ಅಳೆಯುವ ಮೆಗ್ಗರ್‌ನಲ್ಲಿ ಬಿದ್ದುಹೋಯಿತು. ಅಂಗಡಿಯ ಜಾಯಿಂಟ್ ಕಿಟ್ಟು ಮಳೆಗಾಲದವರೆಗೆ ತಡೆಯಿತು. ನಾನೇ ಕಲಸಿ ಹಾಕಿದ ಜಾಯಿಂಟ್ ಇನ್ನೂ ಗಟ್ಟಿಯಾಗಿದೆ. ಮಳೆ ನೀರು ತುಂಬಿ ಉಪ್ಪೆಲ್ಲ ತೊಳೆದುಹೋಗಿ ಡ್ರಮ್ಮಿನಲ್ಲಿ ಈಗ ಗೊದಮೊಟ್ಟೆ ಓಡಾಡುತ್ತಿವೆ, ರೀಡಿಂಗ್ ಮಾತ್ರ ಇಳಿದಿಲ್ಲ.